ದಯವಿಟ್ಟು ಮೂರು ಸಲ ತುಳಿಯಿರಿ

ವಿಜ್ಞಾನ ಓದಿದವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮ ಮೈಸೂರಿನಲ್ಲಿ ಇನ್ನೂ ಅಷ್ಟಿಷ್ಟು ಉಳಿದುಕೊಂಡಿದೆ. ವಕೀಲರ ಮಾತನ್ನು ಅರ್ಧ ನಂಬುವವರು, ಸೈಟು ದಲ್ಲಾಳಿಗಳ ಮಾತನ್ನು ಕಾಲು ಭಾಗ ನಂಬುವವರು, ಫಿಸಿಕ್ಸ್ ಮೇಷ್ಟ್ರು ಬಾಯಿ ತೆರೆದರೆ ಮಾತ್ರ ಪೂರ್ತಿ ನಂಬಿಬಿಡುತ್ತಾರೆ. ಹೇಳಿದ್ದು ಅರ್ಥವಾಗದಿರುವುದೂ ಅದಕ್ಕೆ ಒಂದು ಕಾರಣವಿರಬಹುದು. ಈ ನಂಬಿಕೆಯ ನೆರಳಿನಲ್ಲಿ ನಾನು ಇಪ್ಪತ್ತಾರು ವರ್ಷ ಸುಖವಾಗಿ ಬಾಳಿದೆ. ಈಗ ಒಂದು ಕಾಲೊರಸಿನ ದೆಸೆಯಿಂದ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುವುದಕ್ಕೂ ನಾಚಿಕೆಯಾಗುತ್ತಿದೆ.

ಜಯಲಕ್ಷ್ಮಿಪುರಂ ಕಡೆಯ ಒಂದು ಕಾಲೇಜಿನಲ್ಲಿ ನನ್ನ ಪಾಠ, ಉಳಿದ ಹೊತ್ತು ಸಂಶೋಧನೆ. ಸಂಶೋಧನೆ ಅಂದರೆ ಹೆದರಬೇಡಿ. ಚಿಕ್ಕಂದಿನಲ್ಲಿ ಪ್ಲಾಸ್ಟಿಕ್ ಸ್ಕೇಲನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರು ಎತ್ತಿರುತ್ತೀರಲ್ಲ, ಅದೇ ಆಟ; ನಾವು ದೊಡ್ಡವರಾದ ಮೇಲೂ ಬಿಟ್ಟಿಲ್ಲ, ಅಷ್ಟೇ. ಎರಡು ಬೇರೆ ಬೇರೆ ವಸ್ತುಗಳು ಒಂದನ್ನೊಂದು ಮುಟ್ಟಿ ದೂರವಾದರೆ ಚೂರು ವಿದ್ಯುತ್ತು ಹುಟ್ಟುತ್ತದೆ. ಸಿಲಿಕೋನ್ ರಬ್ಬರಿಗೆ ಬೇರಿಯಂ ಟೈಟನೇಟ್ ಎಂಬ ಬಿಳಿ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ತೆಳ್ಳಗೆ ಹಾಳೆ ಹುಯ್ದು, ಎದುರಿಗೆ ನೈಲಾನ್ ಬಟ್ಟೆ ಇಟ್ಟು ತುಳಿದರೆ ಒಂದು ಸಾಲು ಪುಟ್ಟ ದೀಪಗಳು ಮಿಣಕ್ ಎನ್ನುತ್ತವೆ. ಕರೆಂಟು ಬೇಡ, ಸೆಲ್ಲು ಬೇಡ. ಪುಡಿ ಎಷ್ಟಿದ್ದರೆ ಮಿಣುಕು ಹೆಚ್ಚು ಎಂದು ಕಂಡುಕೊಳ್ಳುವುದರಲ್ಲಿ ನನ್ನ ಹನ್ನೊಂದು ವರ್ಷ ಕಳೆದಿದೆ. “ಹನ್ನೊಂದು ವರ್ಷ ಹಿಟ್ಟು ಕಲಸಿದೋರು ಒಂದು ದಿನ ಅಡುಗೆಮನೆಗೆ ಬಂದು ಚಪಾತಿ ಹಿಟ್ಟು ಕಲಸಿದ್ದುಂಟಾ?” ಎಂದು ನನ್ನ ಹೆಂಡತಿ ಗಿರಿಜ ಕೇಳುತ್ತಾಳೆ. ಬೆಟ್ಟ ಅಗೆದು ಇಲಿ ಹಿಡಿದವನಿಗೆ ಇಲಿಯ ಮೇಲೆ ಎಷ್ಟು ಮೋಹವಿರುತ್ತದೆಂದು ಅವಳಿಗೆ ಗೊತ್ತಿಲ್ಲ.

ಬನ್ನಿಮಂಟಪದಲ್ಲಿ ನಾವು ಬಾಡಿಗೆಗಿರುವುದು ಮಹಡಿಯ ಮೇಲೆ. ಕೆಳಗೆ ಮನೆಯ ಒಡತಿ ರೆಜಿನಮ್ಮ ಒಬ್ಬರೇ ಇರುತ್ತಾರೆ. ಹೊಲಿಗೆ ಟೀಚರಾಗಿ ನಿವೃತ್ತರಾದವರು, ಎಪ್ಪತ್ತೆಂಟು ವರ್ಷ. ಕಣ್ಣು ಇವತ್ತಿಗೂ ಚುರುಕು, ಸೂಜಿಗೆ ದಾರ ಪೋಣಿಸುವುದಕ್ಕೆ ಗಿರಿಜ ಅವರ ಹತ್ತಿರ ಹೋಗುತ್ತಾಳೆ. ಆದರೆ ಮಂಡಿ ಕೈಕೊಟ್ಟಿದೆ, ಕಿವಿ ಅದಕ್ಕಿಂತ ಮೊದಲೇ ಕೈಕೊಟ್ಟಿದೆ. ಚರ್ಚಿಗೆ ನಡೆದು ಹೋಗಲಾಗದ ಇಂಥವರಿಗೆ ತಿಂಗಳ ಮೊದಲ ಶುಕ್ರವಾರ ಫಾದರ್ ಮನೆಗೇ ಪರಮಪ್ರಸಾದ ತಂದುಕೊಡುತ್ತಾರೆ. ರೆಜಿನಮ್ಮನ ತಿಂಗಳು ಶುರುವಾಗುವುದು ಆ ದಿನದಿಂದ. ಗುರುವಾರವೇ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಇಟ್ಟುಕೊಂಡು ಕಾಯುತ್ತಾರೆ. ಕಳೆದ ವರ್ಷ ಫೆಬ್ರವರಿಯಲ್ಲಿ ಫಾದರ್ ಬಂದು, ಬೆಲ್ಲು ಒತ್ತಿ, ಬಾಗಿಲು ತಟ್ಟಿ, ಯಾರೂ ತೆಗೆಯದೆ ಹೊರಟುಹೋದರು. ಒಳಗೆ ರೆಜಿನಮ್ಮ ಬತ್ತಿ ಹಚ್ಚಿಕೊಂಡು ಕೂತೇ ಇದ್ದರು.

ರಾಜೀವನಗರದ ಎಲೆಕ್ಟ್ರಿಷಿಯನ್ ಸಾದಿಕ್ ಬಂದು ನೋಡಿ, “ಬೆಲ್ಲಿಗೇ ಒಂದು ಬಲ್ಬ್ ಕೊಟ್ಬುಡ್ತೀನಿ ಅಮ್ಮ. ಒತ್ತಿದ್ರೆ ನಿಮ್ಮೆದುರಿಗೇ ಉರಿಯುತ್ತೆ. ಅರ್ಧ ಗಂಟೆ ಕೆಲಸ” ಎಂದ. ನಾನು ಆಗ ಮೆಟ್ಟಿಲು ಇಳಿಯುತ್ತಿದ್ದೆ. ಇಳಿದು ಸುಮ್ಮನೆ ಕಾಲೇಜಿಗೆ ಹೋಗಬಾರದಿತ್ತೇ? “ಕರೆಂಟು ಹೋದರೆ ಏನು ಮಾಡ್ತೀಯಪ್ಪ?” ಎಂದು ಅವನನ್ನು ತಡೆದೆ. ಅವನು ನನ್ನನ್ನು ನೋಡಿದ. ತುಳಿದರೆ ದೀಪ ಹೊತ್ತುವ ಮ್ಯಾಟನ್ನು ನಾನೇ ಮಾಡಿಕೊಡುತ್ತೇನೆಂದು ಹೊಸಿಲ ಬಳಿ ನಿಂತು ಕಾಲು ಗಂಟೆ ಪಾಠ ಮಾಡಿದೆ. ಕೊನೆಗೆ ಸಾದಿಕ್ “ಸಾರ್ ಓದಿದೋರು” ಎಂದು ತನ್ನ ಚೀಲ ಎತ್ತಿಕೊಂಡ. ರೆಜಿನಮ್ಮನಿಗೆ ಏನು ಕೇಳಿಸಿತೋ ಏನೋ, ಕೈ ಮುಗಿದು “ನೀವು ಹೇಳಿದ ಮೇಲೆ ಮುಗೀತು ಮೇಷ್ಟ್ರೇ” ಎಂದರು.

ಮಾರ್ಚಿನಲ್ಲಿ ಮ್ಯಾಟು ತಯಾರಾಯಿತು. ಮೇಲೆ ನಾರಿನ ಕಾಲೊರಸು, ಒಳಗೆ ನನ್ನ ಹಾಳೆ, ಸುತ್ತ ನನ್ನ ಕೈಯಾರೆ ಹಾಕಿದ ಹೊಲಿಗೆ. ಅದನ್ನು ನೋಡಿ ಹೊಲಿಗೆ ಟೀಚರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ದೀಪದ ಸಾಲನ್ನು ಅವರ ಕುರ್ಚಿಯ ಎದುರು ಗೋಡೆಗೆ ಅಂಟಿಸಿದೆ. ನಾನು ಧಪಧಪ ತುಳಿದೆ, ದೀಪ ಮಿಣಮಿಣ ಎಂದಿತು. ಆದರೆ ಪ್ರಯೋಗಶಾಲೆಯವರು ಮಾತ್ರ ಮಾಡಬಹುದಾದ ಒಂದು ತಪ್ಪು ನನ್ನಿಂದ ಆಗಿತ್ತು. ಪ್ರಯೋಗಶಾಲೆಯಲ್ಲಿ ನಾವು ಹಾಳೆಯನ್ನು ತುಳಿಯುವುದಕ್ಕೇ ಬರುತ್ತೇವೆ. ಮೈಸೂರಿನವರು ಇನ್ನೊಬ್ಬರ ಮನೆಗೆ ಬಂದರೆ ಹಾಗೆ ತುಳಿಯುತ್ತಾರೆಯೇ? ಚಪ್ಪಲಿ ಬಿಟ್ಟು, ಒಂದು ಮೆಟ್ಟಿಲು ಕೆಳಗೇ ನಿಂತು, ಕತ್ತು ಮಾತ್ರ ಮುಂದೆ ಚಾಚಿ “ಅಮ್ಮಾ, ಇದ್ದೀರಾ?” ಅನ್ನುತ್ತಾರೆ. ಒಗೆದ ಮ್ಯಾಟು ಕಂಡರಂತೂ ದಾಟಿಕೊಂಡೇ ಬರುತ್ತಾರೆ. ಗ್ಯಾಸಿನವನು ಸಿಲಿಂಡರನ್ನು ಪಕ್ಕಕ್ಕಿಟ್ಟ, ಕೊರಿಯರಿನವನು ತುದಿಗಾಲಲ್ಲಿ ನಿಂತ, ದೀಪ ಮಾತ್ರ ಹೊತ್ತಲಿಲ್ಲ. ಕೊನೆಗೆ ನಾನೇ ಒಂದು ಬೋರ್ಡು ಬರೆದು ತೂಗುಹಾಕಿದೆ: “ದಯವಿಟ್ಟು ಮೂರು ಸಲ ತುಳಿಯಿರಿ.”

ಏಪ್ರಿಲ್ಲಿನ ಮೊದಲ ಶುಕ್ರವಾರ ಫಾದರ್ ಬೋರ್ಡನ್ನು ಎರಡು ಸಲ ಓದಿದರು. ಎದೆಯ ಹತ್ತಿರ ಪ್ರಸಾದದ ಪುಟ್ಟ ಡಬ್ಬಿ ಹಿಡಿದುಕೊಂಡೇ ಬಲಗಾಲಿನಿಂದ ಗಂಭೀರವಾಗಿ ಮೂರು ಸಲ ತುಳಿದರು. ಬಾಗಿಲು ತೆರೆಯಿತು. ಆಮೇಲೆ ರೆಜಿನಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಅಂಥ ಗಳಿಗೆಯಲ್ಲಿ ಮನುಷ್ಯನ ಕಾಲು ನೆಲದ ಮೇಲಿರುವುದಿಲ್ಲ.

ಜೂನ್ ಬಂತು, ಜಿಟಿಜಿಟಿ ಹಿಡಿಯಿತು. ಗಾಳಿಯಲ್ಲಿ ತೇವ ಹೆಚ್ಚಿದರೆ ಈ ವಿದ್ಯುತ್ತು ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ಪ್ರತಿ ವರ್ಷ ಪಾಠ ಮಾಡುವುದೇ. ಜುಲೈ ಮೊದಲ ಗುರುವಾರ ನಾನೇ ತುಳಿದು ನೋಡಿದೆ. ದೀಪ ಹೊತ್ತಿತೋ ಇಲ್ಲವೋ ಎಂದು ಅನುಮಾನ ಬರುವಷ್ಟೇ ಹೊತ್ತಿತು. ಹೇಳೋಣ ಎಂದು ಬಾಯಿ ತೆರೆದೆ. ಮ್ಯಾಟಿನ ವಿಷಯ ಕಾಲೇಜಿನಲ್ಲೆಲ್ಲ ಜಂಬದಿಂದ ಹೇಳಿಕೊಂಡದ್ದು, ಸಾದಿಕ್ಕನನ್ನು ವಾಪಸು ಕಳಿಸಿದ್ದು ಎಲ್ಲ ನೆನಪಾಯಿತು. ಫಾದರ್ ನನಗಿಂತ ದಪ್ಪ ಇದ್ದಾರೆ, ಅವರ ತೂಕಕ್ಕೆ ಹೊತ್ತುತ್ತದೆ ಎಂದುಕೊಂಡು ಬಾಯಿ ಮುಚ್ಚಿದೆ. ಮಾರನೆಯ ದಿನ ಸಂಜೆ ಬಂದಾಗ ಮೇಜಿನ ಮೇಲೆ ಬಿಳಿ ಬಟ್ಟೆ ಹಾಗೇ ಇತ್ತು, ಬತ್ತಿ ಮುಕ್ಕಾಲು ಕರಗಿತ್ತು. ಫಾದರ್ ಬಂದು, ತುಳಿದು, ಕಾದು ಹೋಗಿದ್ದರು. ರೆಜಿನಮ್ಮ ಕಣ್ಣೊರೆಸಿಕೊಂಡು ಅಂದರು: “ನಿಮ್ಮ ದೀಪ ಬಂದಿರತ್ತೆ ಮೇಷ್ಟ್ರೇ. ನಾನೇ ಕಣ್ಣು ಮಿಟುಕಿಸಿಬುಟ್ಟೆ ಅನ್ಸುತ್ತೆ.”

ಆಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ರಿಪೇರಿ ಎಂದು ಮ್ಯಾಟನ್ನು ಮೇಲಕ್ಕೆ ಒಯ್ದು, ಒಳಗೆ ಒಂದು ಸ್ವಿಚ್ಚನ್ನೂ ಬಿಲ್ಲೆಯಂಥ ಒಂದು ಸೆಲ್ಲನ್ನೂ ಸೇರಿಸಿ ಹೊಲಿದೆ. ಗೋಡೆಯ ದೀಪವನ್ನೂ ಅದಕ್ಕೆ ಹೊಂದುವಂತೆ ಬದಲಾಯಿಸಿದೆ. ಬೆಳಕು ತೀರಾ ಚೆನ್ನಾಗಿದ್ದರೆ ಅನುಮಾನ ಬಂದೀತೆಂದು ಅದೂ ಮಿಣುಕುವಂತೆಯೇ ಮಾಡಿದೆ. ಇಡೀ ಸಂಶೋಧನೆಯಲ್ಲಿ ನಾನು ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ. ಮಳೆಗಾಲ ಮುಗಿಯುವವರೆಗೆ ಮಾತ್ರ ಎಂದು ಸಮಾಧಾನ ಹೇಳಿಕೊಂಡೆ.

ಮ್ಯಾಟಿನ ಕೀರ್ತಿ ಹಬ್ಬಿದ್ದು ಆಮೇಲೆ. ಚರ್ಚಿನ ಹೆಂಗಸರು ನೋಡಲು ಬರತೊಡಗಿದರು. “ಕರೆಂಟೂ ಇಲ್ಲ, ಸೆಲ್ಲೂ ಇಲ್ಲ ಕಣ್ರೀ! ಬರೀ ತುಳಿಯೋದು. ನಮ್ಮ ಮೇಷ್ಟ್ರು ಮಾಡಿದ್ದು” ಎಂದು ರೆಜಿನಮ್ಮ ಪರಿಚಯ ಮಾಡಿಕೊಡುತ್ತಿದ್ದರು. ಕುಂಬಳಕಾಯಿ ಕಳ್ಳನ ಹಾಗೆ ‘ಸೆಲ್ಲು’ ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಮೆಟ್ಟಿಲ ಮೇಲೆ ನಿಂತು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಎಷ್ಟು ದೊಡ್ಡ ಮನುಷ್ಯ, ಎಷ್ಟು ವಿನಯ ಎಂದು ಅವರು ಮಾತಾಡಿಕೊಳ್ಳುತ್ತಿದ್ದರು.

ನನ್ನ ಲೆಕ್ಕದಲ್ಲಿ ಸೆಲ್ಲು ಎರಡು ತಿಂಗಳು ಬರಬೇಕು. ಬದಲಾಯಿಸಬೇಕೆಂದುಕೊಂಡವನು ಪರೀಕ್ಷೆ, ಮೌಲ್ಯಮಾಪನಗಳ ಗಲಾಟೆಯಲ್ಲಿ ಮರೆತೇಬಿಟ್ಟೆ. ನೆನಪಾದದ್ದು ಡಿಸೆಂಬರಿನಲ್ಲಿ. ಓಡಿಹೋಗಿ ತುಳಿದರೆ, ದೀಪ ಹೊತ್ತಿತು! ಸೆಲ್ಲು ಸತ್ತು ತಿಂಗಳುಗಳೇ ಆಗಿರಬೇಕು. ಹಾಗಾದರೆ? ಒಣಹವೆಗೆ ನನ್ನ ಹಾಳೆಯೇ ಮತ್ತೆ ಎದ್ದು ಕೂತಿದೆ! ಬಿಚ್ಚಿ ನೋಡಬಹುದಿತ್ತು. ಸಂತೋಷದ ಸುದ್ದಿಯನ್ನು ಯಾರು ಬಿಚ್ಚಿ ನೋಡುತ್ತಾರೆ ಹೇಳಿ? ಮಳೆ, ಕೆಸರು, ಒಗೆತ ಎಲ್ಲ ತಡೆದುಕೊಂಡ ಹಾಳೆಯೆಂದು ಒಂದು ವಿಚಾರಸಂಕಿರಣಕ್ಕೆ ಸಾರಾಂಶ ಬರೆದು ಕಳಿಸಿದೆ. ಅವರು ಒಪ್ಪಿಯೂಬಿಟ್ಟರು. ಗಿರಿಜ ಆವತ್ತು ಶ್ಯಾವಿಗೆ ಪಾಯಸ ಮಾಡಿದ್ದಳು.

ಭಾಷಣದಲ್ಲಿ ತೋರಿಸಲು ಹಾಳೆಯ ಫೋಟೋ ಬೇಕಿತ್ತು. ಜನವರಿಯ ಒಂದು ಭಾನುವಾರ ಮ್ಯಾಟನ್ನು ತಿರುಗಿಸಿ ನೋಡಿದೆ. ನನ್ನ ಅಂಕುಡೊಂಕು ಹೊಲಿಗೆ ಒಂದು ಬದಿಯಲ್ಲಿ ಇರಲೇ ಇಲ್ಲ. ಅಲ್ಲಿ ಇರುವೆ ಸಾಲಿನಷ್ಟು ನೇರವಾದ, ಸಣ್ಣ ಹೊಲಿಗೆ ಇತ್ತು. ಬಿಚ್ಚಿದೆ. ಒಳಗೆ ಹೊಚ್ಚ ಹೊಸ ಸೆಲ್ಲು, ಬೇರೆ ಕಂಪನಿಯದು. ಅಲುಗಾಡದಂತೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಬೇರೆ ಅಂಟಿಸಿತ್ತು.

“ಇದೇನಮ್ಮಾ ಇದು?” ಎಂದು ಕೂಗಿದೆ.

“ಮೆತ್ತಗೆ ಮೇಷ್ಟ್ರೇ, ಬೀದಿಗೆಲ್ಲ ಕೇಳಿಸೀತು” ಎಂದರು ಕಿವಿ ಕೇಳದ ರೆಜಿನಮ್ಮ. “ಆಗಸ್ಟಲ್ಲಿ ಒಗೆಯೋಕೆ ಎತ್ತಿದೆ. ನಿಮ್ಮ ಹೊಲಿಗೆ ಬಿಟ್ಕೊಂಡಿತ್ತು, ಇದು ಈಚೆಗೆ ಬಂತು. ವಾಚ್ ರಿಪೇರಿಯೋರಿಗೆ ತೋರಿಸ್ದೆ. ಮುಗಿಯೋಕೆ ಬಂದದೆ ಅಂದ್ರು, ಬೇರೇದು ಹಾಕ್ಬುಟ್ಟೆ. ಇದು ಮೂರನೇದು.”

“ನನಗೆ ಒಂದು ಮಾತು ಹೇಳಬಾರದಿತ್ತೇ?”

“ಎಂಗೆ ಹೇಳೋದು? ಅಷ್ಟು ಜನದ ಮುಂದೆ ನಿಮ್ಮನ್ನ ನಿಲ್ಲಿಸಿ ಹೊಗಳ್ಬುಟ್ಟಿದ್ದೆ.”

“ಆಮೇಲೂ ಸೆಲ್ಲಿಲ್ಲ ಅಂತಲೇ ಹೇಳ್ತಿದ್ರಲ್ಲ?”

“ಹೇಳ್ದೆ. ಪಾಪನಿವೇದನೇಲಿ ‘ಸುಳ್ಳು ಹೇಳಿದೀನಿ ಫಾದರ್’ ಅಂದೆ. ಯಾವ ಸುಳ್ಳು ಅಂತ ಅವರು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಹೇಳಮ್ಮ ಅಂದ್ರು. ತಿಂಗಳಾ ತಿಂಗಳಾ ಅಂಗೇ ನಡೀತಾ ಅದೆ.”

“ಜುಲೈನಲ್ಲಿ ಕಣ್ಣು ಮಿಟುಕಿಸಿದ್ದು ನೀವಲ್ಲಮ್ಮ. ದೀಪ ಬರಲೇ ಇಲ್ಲ. ಬರೋದಿಲ್ಲ ಅಂತ ಹಿಂದಿನ ದಿನವೇ ನನಗೆ ಗೊತ್ತಿತ್ತು” ಎಂದೆ.

ಅವರು ಸೆಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿದರು. “ಸೆಲ್ಲು ಕಂಡ ದಿನವೇ ಗೊತ್ತಾಯ್ತು ಬುಡಿ. ಒಂದು ಮಾತು ಮೊದಲೇ ಹೇಳಿದ್ರೆ ಆವತ್ತು ಬಾಗಿಲು ತೆಗೆದಿಟ್ಕೊಂಡು ಕೂತಿರ್ತಿದ್ದೆ” ಎಂದರು. ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ. ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಮಾರನೆಯ ದಿನವೇ ಸಾದಿಕ್ಕನನ್ನು ಕರೆಸಿದೆ. ಅವನು ಇಪ್ಪತ್ತೇ ನಿಮಿಷದಲ್ಲಿ ಬೆಲ್ಲಿಗೆ ಬಲ್ಬು ಜೋಡಿಸಿದ. ಕರೆಂಟು ಹೋದರೂ ಉರಿಯುವ ಬಲ್ಬು ಈಗ ಅಂಗಡಿಯಲ್ಲೇ ಸಿಗುತ್ತದೆ ಸಾರ್ ಎಂದು ನನಗೆ ತಿಳಿಸಿಯೂ ಹೋದ. ವಿಚಾರಸಂಕಿರಣದವರಿಗೆ “ಅನಿವಾರ್ಯ ಕಾರಣಗಳಿಂದ” ಬರಲಾಗುವುದಿಲ್ಲ ಎಂದು ಬರೆದೆ. ಮ್ಯಾಟನ್ನು ಎಸೆಯುತ್ತೇನೆಂದರೆ ರೆಜಿನಮ್ಮ ಬಿಡಲಿಲ್ಲ. ಕಾಲೊರಸಿಗೇನು ಬಂದಿದೆ ಎಂದರು.

ಫೆಬ್ರವರಿಯ ಮೊದಲ ಶುಕ್ರವಾರ ಕಾಲೇಜಿಗೆ ಅರ್ಧ ದಿನ ರಜೆ ಹಾಕಿದೆ. ಫಾದರ್ ಎದುರು ನಿಜ ಹೇಳಿ, ಆ ಮುದುಕಿಯ ಮೂರು ನಮೋ ಮರಿಯಾ ತಪ್ಪಿಸಬೇಕೆಂದು ಮೂರು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಫಾದರ್ ಬಂದರು. ಬೆಲ್ಲು ಒತ್ತಿದರು, ಅಭ್ಯಾಸಬಲದಿಂದ ಮೂರು ಸಲ ತುಳಿದೂ ತುಳಿದರು. ಪ್ರಸಾದ ಕೊಟ್ಟಾಯಿತು, ಪ್ರಾರ್ಥನೆಯಾಯಿತು. ಹೊರಡುವಾಗ ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, “ಒಂದು ವರ್ಷ ಆಗ್ತಾ ಬಂತಲ್ಲ ಮೇಷ್ಟ್ರೇ, ಇನ್ನೂ ಸೆಲ್ಲಿಲ್ಲದೇ ನಡೀತಾ ಇದ್ಯಾ?” ಎಂದು ಕೇಳಿದರು.

ನಾನು ಬಾಯಿ ತೆರೆದೆ. ರೆಜಿನಮ್ಮನಿಗೆ ಪ್ರಶ್ನೆ ಕೇಳಿಸಿರಲಾರದು. ಅವರು ನನ್ನ ಮುಖ ನೋಡಿದರು, ನೋಡಿ, “ಇಲ್ಲ ಫಾದರ್, ಸೆಲ್ಲೇ ಇಲ್ಲ” ಎಂದುಬಿಟ್ಟರು. ಫಾದರ್ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಅವರು ಸುಳ್ಳು ಹೇಳಿದ್ದು ನನಗೋಸ್ಕರ. ನಾನು ತಲೆಯಾಡಿಸಿದ್ದೂ ನನಗೋಸ್ಕರವೇ.