ಸಾರು ಬಡಿಸಿದ ಕೈ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಬೇರೆಯವರ ನೆನಪಿನ ಮೇಲಂತೂ ಮೊದಲಿನಿಂದಲೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದ್ದರ ಫಲ ಇದು. ಉಳಿದ ಫಲವನ್ನೆಲ್ಲ ಬ್ಯಾಂಕಿನ ಕೆಲಸ ತಿಂದುಹಾಕಿತು. ಮನೆಯಲ್ಲಿ ಯಾರಾದರೂ ‘ಗ್ಯಾಸ್ ಆರಿಸಿದ್ದೇನೆ’ ಅಂದರೆ ‘ಆಧಾರ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ನೋಡಿಕೊಂಡು ಬರುತ್ತೇನೆ. ಇಂಥ ನಾನು ಒಂದೇ ಒಂದು ನೆನಪನ್ನು ಮಾತ್ರ ಯಾವತ್ತೂ ಪ್ರಶ್ನಿಸಿರಲಿಲ್ಲ. ಯಾಕೆಂದರೆ ನನ್ನ ಮದುವೆ ಅದರ ಮೇಲೆ ನಿಂತಿತ್ತು.

ಆಗ ನಾನು ಅನಕಾಪಲ್ಲಿ ಶಾಖೆಯಲ್ಲಿದ್ದೆ. ಬೆಲ್ಲದ ಊರು, ನೋಟಿನ ಕಟ್ಟಿಗೂ ಇರುವೆ ಹತ್ತುತ್ತಿತ್ತು. ವಿಜಯವಾಡದ ಹುಡುಗಿ ಪದ್ಮಜಳನ್ನು ನೋಡಲು ಹೋಗಿದ್ದು ವಿಶಾಖಪಟ್ಟಣದ ಒಂದು ಹಳೆಯ ಜಮೀನ್ದಾರಿ ಬಂಗಲೆಗೆ. ಅದರ ಹಿಂಭಾಗದಲ್ಲಿ ಅವಳ ನೆಂಟರು ಬಾಡಿಗೆಗಿದ್ದರು. ತೋಟದ ಮರದ ಕೆಳಗೆ ಎಲೆ ಹಾಕಿ ಬಿಸಿ ಅನ್ನ, ತುಪ್ಪ, ಪುಡಿ, ಪಪ್ಪು ಅನ್ನುವ ಗಟ್ಟಿ ತೊವ್ವೆ ಬಡಿಸಿದರು. ನಮ್ಮ ತುಮಕೂರಿನ ಮನೆಯಲ್ಲಿ ಅನ್ನದ ಹಿಂದೆಯೇ ಸಾರು ಬರಬೇಕು. ಅವರ ಪದ್ಧತಿಯಲ್ಲಿ ಸಾರಿನ ಸರದಿ ಮೊಸರಿಗೆ ಸ್ವಲ್ಪ ಮುಂಚೆ. ನನಗದು ಗೊತ್ತಿರಲಿಲ್ಲ. ಸಾರು ಬರಲಿ ಎಂದು ಕೈ ಕಟ್ಟಿ ಕೂತೆ. ಅನ್ನ ಮುಟ್ಟದ ಗಂಡು ಸಂಬಂಧ ಬೇಡ ಅನ್ನುತ್ತಿದ್ದಾನೆ ಎಂದು ಅವರು ತಿಳಿದರು. ಅವರಿಗೂ ನನ್ನ ವಿಷಯ ಗೊತ್ತಿರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಬಳೆಗಳ ಮೆಲ್ಲನೆಯ ಸದ್ದು. ಅನ್ನದ ಮೇಲೆ ಹೊಗೆಯಾಡುವ ಸಾರು ಬಿತ್ತು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಆದರೆ ಕೈ ತೊಳೆಯುವ ಹೊತ್ತಿಗೆ ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದೆ. ನನ್ನ ಹಸಿವು ಅರಿತ ಹುಡುಗಿ!

ಈಗ ಆ ಬಂಗಲೆ ಗಾರ್ಡನ್ ರೆಸ್ಟೋರೆಂಟ್ ಆಗಿದೆ. ಕುದುರೆ ಲಾಯದಲ್ಲಿ ಅಡುಗೆಮನೆ, ಹುಲ್ಲುಹಾಸಿನ ಮೇಲೆ ಇವತ್ತು ನಿಶ್ಚಿತಾರ್ಥ, ನಾಳೆ ಬರ್ತ್‌ಡೇ. ನಮ್ಮ ಮದುವೆಯ ಬೆಳ್ಳಿಹಬ್ಬದ ಊಟಕ್ಕೆ ಮಗಳು ಸಿರಿ ಅದನ್ನೇ ಗೊತ್ತುಮಾಡಿದಳು. “ನಾನ್ನಾ, ಮೈಕಲ್ಲಿ ಆ ಸಾರಿನ ಕಥೆ ನೀವೇ ಹೇಳಬೇಕು” ಅಂದಳು. ಅಪ್ಪನಾದ ನನ್ನನ್ನು ಅವಳು ಕರೆಯುವುದು ತೆಲುಗಿನಲ್ಲೇ. ಮೈಕು ಅಂದಕೂಡಲೆ ನನ್ನೊಳಗಿನ ಸಂಶಯ ಎದ್ದು ಕೂತಿತು. ಅಲ್ಲಿಗೆ ಹೋದವನೇ ತೋಟವೆಲ್ಲ ಸುತ್ತಿದೆ. ಅವತ್ತು ಎಲೆ ಹಾಕಿದ್ದ ಮರ ಮಾವು ಎಂದುಕೊಂಡಿದ್ದೆ, ಅದು ಹುಣಿಸೆಯಾಗಿತ್ತು. ಹೆದರಿಕೆಯಾಗಿ ಹೆಂಡತಿಯನ್ನು ಕೇಳಿದೆ: “ಸಾರು ಬಡಿಸಿದ್ದು ನೀನೇ ತಾನೆ?”

“ನಾನಾ? ಏಮಂಡಿ, ನೋಡೋಕೆ ಬಂದ ಗಂಡಿಗೆ ಹೆಣ್ಣು ಬಕೆಟ್ ಹಿಡಕೊಂಡು ಬಡಿಸ್ತಾಳಾ? ನೀವು ಅನ್ನ ಮುಟ್ಟಲಿಲ್ಲ ಅಂತ ನಾನು ಒಳಗೆ ಅಳ್ತಾ ಇದ್ದೆ.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ವರ್ಷವರ್ಷ ಥ್ಯಾಂಕ್ಸ್ ಹೇಳ್ತಿದ್ರಿ. ಬರೋದನ್ನ ಯಾರು ಬೇಡ ಅಂತಾರೆ?”

ಮದುವೆಯ ಅಡಿಪಾಯವೇ ಅಲುಗಾಡಿತು. ಹಾಗಾದರೆ ನಾನು ಒಪ್ಪಿದ್ದು ಯಾರನ್ನು? ಎಲೆಯ ಮುಂದೆ ಕೂತರೂ ಅದೇ ಯೋಚನೆ. ಅನ್ನ ಬಂತು, ಪಪ್ಪು ಬಂತು, ನಾನು ಕೈ ಕಟ್ಟಿಯೇ ಕೂತಿದ್ದೆ. ಆಗ ಬೆನ್ನ ಹಿಂದೆ ಅದೇ ಸದ್ದು. ಅದೇ! ಅನ್ನದ ಮೇಲೆ ಹೊಗೆಯಾಡುವ ಸಾರು. ಈ ಸಲ ತಲೆ ಎತ್ತಿದೆ. ಮಾವನವರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಸೌಟು. ಪಕ್ಕದಲ್ಲಿ ಬಕೆಟ್ ಹಿಡಿದು ಕಕ್ಕಾಬಿಕ್ಕಿಯಾದ ಸಪ್ಲೈಯರ್. ಮಾವನವರ ಸಣ್ಣ ಮಣಿಕಟ್ಟಿನಲ್ಲಿ ಸಡಿಲವಾದ ಸ್ಟೀಲ್ ಚೈನಿನ ಗಡಿಯಾರ ಮೇಲೆ ಕೆಳಗೆ ಜಾರುತ್ತ ಬಳೆಯಂತೆ ಕಿಣಿಗುಟ್ಟುತ್ತಿತ್ತು.

“ತಿನ್ರೀ ಅಳಿಯಂದ್ರೆ. ಅವತ್ತೂ ಹಿಂಗ ಕುಂತಿದ್ರಿ. ನಾ ಬಳ್ಳಾರ್ಯಾಗ ನೌಕರಿ ಮಾಡಿದಾಂವ. ನಿಮ್ಮೋರು ಮೊದ್ಲು ಸಾರು ನೋಡ್ತಾರಂತ ಗೊತ್ತಿತ್ತು. ಇವ್ರೆಲ್ಲ ಒಳಗ ಅಳಾಕ ಹತ್ತಿದ್ರ ಹುಡುಗ ಉಪಾಸ ಬೀಳ್ತಾನಲ್ಲಪ್ಪ ಅಂತ ನಾನ ತಂದು ಬಡಿಸಿದ್ನಿ.”

ಮಾತು ಕಡಿಮೆಯ ಮನುಷ್ಯ. ಇಷ್ಟು ವರ್ಷದಲ್ಲಿ ಒಮ್ಮೆಯೂ ಇದನ್ನು ಹೇಳಿರಲಿಲ್ಲ. ನಾನು ಎದ್ದು ಅವರ ಕಾಲಿಗೆ ಬಿದ್ದೆ. ಕೃತಜ್ಞತೆ ತಪ್ಪು ಹೆಸರಿಗೆ ಹೋಗಿದ್ದರೂ ತಲುಪಿದ್ದು ಅದೇ ಮನೆಗಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಊಟವಾದ ಮೇಲೆ ಸಿರಿ ಮೈಕು ಕೊಟ್ಟಳು. ನನ್ನ ಮನಸ್ಸು ಗೆದ್ದಿದ್ದು ಮಾವನವರ ಗಡಿಯಾರ ಎಂದು ಎಲ್ಲರೆದುರು ಒಪ್ಪಿಕೊಂಡೆ. ಆದರೂ ಅವರ ಮಗಳನ್ನೇ ಮದುವೆಯಾಗಿ ಸುಖವಾಗಿದ್ದೇನೆ ಎಂದೂ ಸೇರಿಸಿದೆ.

ಮುಂದಿನ ಸಾಲಿನಿಂದ ಪದ್ಮಜ ಕೇಳಿದಳು: “ಆಧಾರ?”

ನಾನು ಮೈಕಿನಿಂದಲೇ ಹೊಟ್ಟೆ ತಟ್ಟಿ ತೋರಿಸಿದೆ.