ನಾಲ್ಕು ಸೆಕೆಂಡಿನ ಗೆಲುವು

ನಮ್ಮ ಮುದ್ದೇಬಿಹಾಳದ ಕಡೆ ಯಾರನ್ನು ಹೇಗೇ ಮಾತಾಡಿಸಿದರೂ ಮೊದಲು ಬರುವ ಉತ್ತರ ‘ಆರಾಮ’. ಹಲ್ಲು ಕೀಳಿಸಿಕೊಂಡು ಬಂದವನೂ ಆರಾಮ, ಹೆಂಡತಿ ಸಿಟ್ಟಾಗಿ ತವರಿಗೆ ಹೋಗಿ ಮೂರು ತಿಂಗಳಾದವನೂ ಆರಾಮ. ಲಾರಿ ಬಡಿದು ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ನನ್ನ ಕಕ್ಷಿದಾರರೊಬ್ಬರು ಹಾಸಿಗೆಯಿಂದಲೇ “ಆರಾಮ್ರೀ, ನೀವು?” ಎಂದು ನನ್ನನ್ನೇ ಕೇಳಿದ್ದರು. ನಾನು ವಕೀಲ. ರಸ್ತೆ ಅಪಘಾತದ ಕೇಸುಗಳೇ ನನ್ನ ಅನ್ನ. ಗಾಡಿ ನಿಲ್ಲಿಸದೆ ಹೋದ ಡ್ರೈವರುಗಳನ್ನು ಕಟಕಟೆಯಲ್ಲಿ ನಿಲ್ಲಿಸಿ, “ಕಾಣಲಿಲ್ಲವೋ, ಕಂಡೂ ಹೋದಿರೋ?” ಎಂದು ಕೇಳಿ ಬೆವರಿಳಿಸುವುದರಲ್ಲಿ ನನಗೆ ಸ್ವಲ್ಪ ಹೆಸರೂ ಇದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವಷ್ಟು ಮಾನ ಉಳಿದಿರುವುದಿಲ್ಲ.

ಐವತ್ತು ದಾಟಿ ಸಕ್ಕರೆ ಕಾಯಿಲೆ ಬಂದ ಮೇಲೆ ಸೈಕಲ್ ಹತ್ತಿದವನು ನಾನು. ಹತ್ತಿಸಿದವರು ದನದ ಡಾಕ್ಟರ್ ಮಲ್ಲಪ್ಪನವರು. ಅವರೇ ನನ್ನ ಫೋನಿಗೆ ಆ್ಯಪ್ ಒಂದನ್ನು ಹಾಕಿಕೊಟ್ಟರು. ಎಲ್ಲಿ ತುಳಿದಿರಿ, ಎಷ್ಟು ಜೋರಾಗಿ ತುಳಿದಿರಿ, ಎಲ್ಲಿ ಏದುಸಿರು ಬಿಟ್ಟಿರಿ, ಎಲ್ಲವನ್ನೂ ಅದು ಬರೆದಿಟ್ಟು ಊರಿಗೆಲ್ಲ ತೋರಿಸುತ್ತದೆ. ನಿಡಗುಂದಿ ರಸ್ತೆಯಲ್ಲಿ ಹಳ್ಳದ ಸೇತುವೆಯಿಂದ ಹನುಮಪ್ಪನ ಗುಡಿಯವರೆಗೆ ಆರು ಕಿಲೋಮೀಟರು. ಅದನ್ನು ಎಲ್ಲರಿಗಿಂತ ಬೇಗ ದಾಟಿದವರ ಹೆಸರು ಪಟ್ಟಿಯ ತುದಿಯಲ್ಲಿ, ಪಕ್ಕದಲ್ಲೊಂದು ಪುಟ್ಟ ಕಿರೀಟ. ಒಂದು ವರ್ಷದಿಂದ ಕಿರೀಟ ಡಾಕ್ಟರದು, ಎರಡನೆಯ ಸ್ಥಾನ ನನ್ನದು. ಪಟ್ಟಿಯಲ್ಲಿದ್ದವರೇ ಹನ್ನೊಂದು ಮಂದಿ, ಅವರಲ್ಲೊಬ್ಬ ಸೈಕಲ್ ಮಾರಿ ಬುಲೆಟ್ ಕೊಂಡವನು, ಆ ಮಾತು ಬೇರೆ. ಕೋರ್ಟಿನಲ್ಲಿ ಎದುರು ವಕೀಲರು ವಾದ ಮಾಡುತ್ತಿರುವಾಗ ನಾನು ಮೇಜಿನಡಿ ಆ ಪಟ್ಟಿ ನೋಡುತ್ತ ಕೂರುತ್ತಿದ್ದೆ. “ಬಿಗಿ ಚಡ್ಡಿ ಹಾಕ್ಕೊಂಡು ಕಬ್ಬಿನ ಟ್ರ್ಯಾಕ್ಟರ್ ಸಂದ್ಯಾಗ ನುಗ್ಗತೀರಿ. ಸಕ್ಕರಿ ಇಳೀಲಿ ಅಂತ ಹೋದವರು, ಜೀವಾನ ಇಳಿಸಿ ಬಂದೀರಿ” ಎಂದು ನನ್ನಾಕೆ ಬೈಯುವುದು ಬೆಳಗಿನ ಚಹಾದಷ್ಟೇ ಖಾಯಂ ಆಗಿತ್ತು.

ಒಬ್ಬರ ಬೆನ್ನಿನ ಮರೆಯಲ್ಲಿ ಇನ್ನೊಬ್ಬರು ಗಾಳಿ ತಪ್ಪಿಸಿಕೊಳ್ಳಬಾರದೆಂದು ಡಾಕ್ಟರು ಮುಂದೆ ಹೋಗುವುದು, ಹತ್ತು ನಿಮಿಷ ಬಿಟ್ಟು ನಾನು ಹೊರಡುವುದು ನಮ್ಮ ಪದ್ಧತಿ. ಕಬ್ಬು ಕಡಿಯುವ ದಿನಗಳ ಒಂದು ಬೆಳಿಗ್ಗೆ, ಗಾಳಿ ನನ್ನ ಬೆನ್ನಿಗಿತ್ತು. ಗುಡಿ ಇನ್ನೆರಡು ಕಿಲೋಮೀಟರ್ ಇದೆ ಎನ್ನುವಾಗ ರಸ್ತೆಯ ಮೇಲೆ ಟ್ರೇಲರಿನಿಂದ ಬಿದ್ದ ಕಬ್ಬುಗಳು ಕಂಡವು. ಪಕ್ಕದ ಜಾಲಿಗಿಡದ ಬುಡದಲ್ಲಿ ಡಾಕ್ಟರು ಕೂತಿದ್ದರು, ಸೈಕಲ್ ತಗ್ಗಿನಲ್ಲಿ ಬಿದ್ದಿತ್ತು. ನಾನು ತುಸು ನಿಧಾನ ಮಾಡಿ, ಕಾಲು ಮಾತ್ರ ಕೆಳಗಿಡದೆ, “ಆರಾಮ ಅದೀರಿ ಡಾಕ್ಟರ?” ಎಂದೆ. “ಆರಾಮ ಅದೀನ್ರಿ” ಎಂದರು. ಚೈನು ಕಳಚಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಮುಖ ಬೆಳ್ಳಗೆ ಸುಣ್ಣದಂತಾಗಿದ್ದು ನನಗೆ ಕಂಡಿತ್ತು. ಕಂಡಿತ್ತು, ಸುಳ್ಳು ಯಾಕೆ ಹೇಳಲಿ.

ನಿಡಗುಂದಿಯ ಚಹಾದಂಗಡಿಯಲ್ಲಿ ಫೋನು ತೆಗೆದು ನೋಡಿದರೆ ಕಿರೀಟ ನನ್ನ ಹೆಸರಿನ ಪಕ್ಕದಲ್ಲಿತ್ತು. ನಾಲ್ಕೇ ನಾಲ್ಕು ಸೆಕೆಂಡಿನ ಗೆಲುವು. ಖುಷಿಗೆ ಇನ್ನೊಂದು ಚಹಾ ಹೇಳಿದೆ. ಅದನ್ನು ಕುಡಿಯುತ್ತಿರುವಾಗ ಡಾಕ್ಟರ ಫೋನಿನಿಂದ ಯಾರೋ ಕುರಿ ಕಾಯುವವರು ಕರೆ ಮಾಡಿದರು. “ನಿಮ್ಮ ಮಂದಿ ಇಲ್ಲಿ ಬಿದ್ದಾರ ನೋಡ್ರಿ, ಎಚ್ಚರ ಇಲ್ಲ” ಎಂದರು.

ಆಸ್ಪತ್ರೆಯಲ್ಲಿ ತಿಳಿದದ್ದು ಇಷ್ಟು. ಬಿದ್ದಾಗ ತೊಡೆಯ ಮೇಲ್ಭಾಗದ ಎಲುಬಿನಲ್ಲಿ ಬರೀ ಬಿರುಕು ಬಿಟ್ಟಿತ್ತು. ಯಾರೂ ನಿಲ್ಲದ್ದರಿಂದ ಡಾಕ್ಟರು ತಾವೇ ಏಳಲು ಹೋಗಿದ್ದಾರೆ. ಆಗ ಎಲುಬು ಪೂರ್ತಿ ಮುರಿದು ಜಾರಿದೆ. ಆಪರೇಶನ್ ಆಯಿತು, ಆದರೂ ಕಾಲು ಗಿಡ್ಡಾಯಿತು. ಎಮ್ಮೆಯ ಹಿಂದೆ ನಿಂತು ಕರು ಎಳೆಯುವ ಕಸುವು ಇನ್ನು ಆ ಕಾಲಿಗೆ ಬರುವುದಿಲ್ಲವಂತೆ. ಆ ಕೆಲಸವೆಂದರೆ ಅವರಿಗೆ ಪ್ರಾಣ.

ಎರಡು ತಿಂಗಳ ನಂತರ ಅವರ ಮನೆಗೆ ಹೋದೆ. ಡಾಕ್ಟರು ಮಂಚದ ಮೇಲಿದ್ದರು. ಅವರ ಹೆಂಡತಿ ಮಹಾದೇವಿ ವೈನಿ ಅವಲಕ್ಕಿ ಕೊಟ್ಟು ಎದುರಿಗೆ ಕೂತರು. “ಯಾವನೋ ಒಬ್ಬ ಆರಾಮ ಅದೀರೇನು ಅಂತ ಕೇಳಿ ಹಂಗ ಹ್ವಾದನಂತ ನೋಡ್ರಿ. ಇವರಿಗೆ ಮಾರಿ ನೆನಪಿಲ್ಲಂತ. ಅವನ ಕೈಕಾಲು ಸೇದು ಹೋಗಲಿ. ವಕೀಲರ, ಅವನ್ನ ಹುಡುಕಿ ಕೋರ್ಟಿಗೆ ಎಳೀರಿ” ಎಂದರು. ನಾನು ಅವಲಕ್ಕಿ ಅಗಿಯುತ್ತ ತಲೆ ಆಡಿಸಿದೆ. ಎರಡನೆಯ ಸಲ ಹಾಕಲು ಬಂದಾಗ ತಟ್ಟೆ ಮುಂದೆ ಹಿಡಿದೆ.

ವೈನಿ ಒಳಗೆ ಹೋದ ಮೇಲೆ ಡಾಕ್ಟರು ದಿಂಬಿನ ಕೆಳಗಿಂದ ಫೋನು ತೆಗೆದರು. ನನ್ನ ಆ ದಿನದ ಸವಾರಿಯ ಗೆರೆ. ಏರಿ ಏರಿ ಹೋದ ವೇಗ ಒಂದು ಕಡೆ ಕುಳಿಬಿದ್ದು ಮತ್ತೆ ಏರಿತ್ತು. ಆ ಕುಳಿಯ ಮೇಲೆ ಬೆರಳಿಟ್ಟು, “ಇದು ಜಾಲಿಗಿಡ” ಎಂದರು. ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. “ಆಕಿಗೆ ಹೇಳಿಲ್ಲ. ಹೇಳಂಗಿಲ್ಲ” ಎಂದರು. ಆಮೇಲೆ ಗೋಡೆ ನೋಡುತ್ತ, “ಒಂದು ಸಲ ಕಾಲು ಊರಿದ್ರ ನಾಕು ಸೆಕೆಂಡು ಹೋಗತಿತ್ತು ವಕೀಲರ, ಗೊತ್ತೈತಿ. ನಿಮ್ಮ ಜಾಗಾದಾಗ ನಾ ಇದ್ರೂ ಊರತಿದ್ನೋ ಇಲ್ಲೋ ಅಂತ ದಿನಾ ಕೂತು ಯೋಚನಿ ಮಾಡತೇನಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗಲೇ ಆ ಸವಾರಿಯನ್ನು ಆ್ಯಪಿನಿಂದ ಅಳಿಸಿಬಿಡಬೇಕೆಂದು ಫೋನು ತೆಗೆದೆ. ಕಿರೀಟ ಅಲ್ಲೇ ಇತ್ತು. ಅಳಿಸಿದರೆ ಅದು ಮತ್ತೆ ಡಾಕ್ಟರ ಹೆಸರಿನ ಪಕ್ಕಕ್ಕೆ ಹೋಗುತ್ತಿತ್ತು, ನಾನು ಮತ್ತೆ ಎರಡನೆಯವನು. ಅಳಿಸದೆಯೇ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ತಲೆಯೆತ್ತಿದರೆ ಬಾಗಿಲಲ್ಲಿ ವೈನಿ ನಿಂತಿದ್ದರು. “ಯಾಕ್ರೀ ವಕೀಲರ, ಮಾರಿ ಹಿಂಗ ಬೆಳ್ಳಗಾಗೇತಿ? ಆರಾಮ ಅದೀರಿಲ್ಲ?” ಎಂದರು.

“ಆರಾಮ ಅದೀನ್ರಿ ವೈನಿ” ಎಂದೆ. ಪಾಪ, ಅವರು ನನ್ನ ಹಾಗಲ್ಲ. ಕೂಡ್ರಿ ಎಂದು ಕುರ್ಚಿ ಎಳೆದು, ನೀರು ತರಲು ಒಳಗೆ ಹೋದರು.