ಅಪ್ಪನ ಹೆಸರಿನ ಪಾವತಿ

ನನ್ನಲ್ಲಿ ಬೇರೆ ಗುಣ ಇರಲಿ ಬಿಡಲಿ, ದುಡ್ಡು ಕೊಟ್ಟು ಪಾವತಿ ಇಲ್ಲದೆ ತಿರುಗಿ ಬರುವ ಮನುಷ್ಯ ನಾನಲ್ಲ. ರಶೀದಿಗೆ ನಮ್ಮ ಬೆಟಗೇರಿಯಲ್ಲಿ ಪಾವತಿ ಎನ್ನುತ್ತೇವೆ. ಮದುವೆಯಾದ ವರ್ಷ ಕೊಂಡ ಫ್ಯಾನಿನ ಪಾವತಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಫ್ಯಾನು ಇಲ್ಲ!

ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿ, ಹಿಡಿದ ಪೊಲೀಸರಿಗೇ ಕಾನೂನು ಪಾಠ ಮಾಡಿ, ಕೊನೆಗೆ ಕೋರ್ಟಿನಲ್ಲಿ ಐನೂರು ರೂಪಾಯಿ ದಂಡ ಹಾಕಿಸಿಕೊಂಡಾಗಲೂ ಹಾಗೆಯೇ. ಅಂದೇ ಕಟ್ಟಿದೆ, ಪುಸ್ತಕದಿಂದ ಪಾವತಿ ಹರಿಸಿಕೊಂಡೆ, ನಾಲ್ಕು ಮಡಿಕೆ ಮಾಡಿ ಟ್ರಂಕಿಗೆ ಸೇರಿಸಿದೆ. ಆಮೇಲೆ ಕೋರ್ಟಿನಿಂದ ಎರಡು ನೋಟೀಸು ಬಂದವು. ಕಟ್ಟಿದ ದಂಡಕ್ಕೆ ನೋಟೀಸೇ? ನಕ್ಕು, ಒಂದರ ಹಿಂದೆ ಸಂತೆಯ ಚೀಟಿ ಬರೆದೆ.

"ಏನ್ರೀ, ಒಮ್ಮೆ ಹೋಗಿ ಕೇಳಿ ಬರಬಾರದೇನು?" ಎಂದಳು ಹೆಂಡತಿ ಶಾಂತಾ.

"ಯಾಕ ಹೋಗ್ಲಿ? ದಂಡ ಕಟ್ಟೇನಿ, ಪಾವತಿ ಐತಿ. ಬೇಕಂದ್ರ ಕೋರ್ಟ ನಮ್ಮ ಮನಿಗೆ ಬರ್ಲಿ!"

ಬಂತು.

ಅದೂ ಎಂಥ ದಿನ! ನಮ್ಮ ಮಗಳು ಸುಧಾಳನ್ನು ನೋಡಲು ಲಕ್ಷ್ಮೇಶ್ವರದಿಂದ ಗಂಡಿನವರು ಬರುವ ದಿನ. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅವನ ಫೋಟೋ ಬಂದಾಗಿನಿಂದ ನಮ್ಮ ಹುಡುಗಿಗೆ ಊಟದ ಮೇಲೆ ಲಕ್ಷ್ಯವಿಲ್ಲ. "ಅಪ್ಪಾ, ಇವತ್ತೊಂದ ದಿನ ಕಾನೂನು ಮಾತಾಡಬ್ಯಾಡ" ಎಂದು ಬೆಳಿಗ್ಗೆಯೇ ಕೈಮುಗಿದಿದ್ದಳು. ಈ ಸಂಬಂಧ ತಪ್ಪಿದರೆ ಅವಳು ನನ್ನ ಮುಖ ನೋಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಪಕ್ಕದ ಮನೆಯ ಬಸಣ್ಣನ ಸೋಫಾವನ್ನು ಒಂದು ದಿನದ ಮಟ್ಟಿಗೆ ತಂದು ಪಡಸಾಲೆಯಲ್ಲಿ ಹಾಕಿದ್ದೆ.

ಹತ್ತೂವರೆಗೆ ಬಾಗಿಲಲ್ಲಿ ಇಬ್ಬರು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಚೀಲ. ಒಬ್ಬರು ದಪ್ಪ, ಒಬ್ಬರು ಸಣಕಲು.

"ಶಿವಪುತ್ರಪ್ಪನವರ ಮನಿ ಇದ ಏನ್ರಿ?" ದಪ್ಪನವರು ಕೇಳಿದರು.

"ಇದ, ಇದ! ಬರ್ರಿ, ಕುಂಡ್ರಿ! ನಿಮ್ಮ ದಾರೀನ ನೋಡಾಕತ್ತಿದ್ವಿ!"

ಇಬ್ಬರೂ ಮುಖ ಮುಖ ನೋಡಿಕೊಂಡರು. "ನಾವು ಬರೋದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿರದ ಏನ್ರಿ! ಎಂಟು ದಿನದಿಂದ ಮನಿಗೆ ಸುಣ್ಣ ಹಚ್ಚೇವಿ!"

ಸಣಕಲರ ಕಣ್ಣು ಒದ್ದೆಯಾಯಿತು. "ಇಪ್ಪತ್ತು ವರ್ಷದ ಸರ್ವೀಸಿನ್ಯಾಗ ನಮ್ಮನ್ನ ಹಿಂಗ ಯಾರೂ ಕರದಿಲ್ರಿ" ಎಂದರು. ಎಂಥ ವಿನಯ ಎಂದುಕೊಂಡೆ! ಶಾಂತಾ ಶಿರಾ, ಉಪ್ಪಿಟ್ಟು ತಂದಿಟ್ಟಳು. ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಆಮೇಲೆ ಸಣಕಲರು ಒಂದು ಹಾಳೆ, ಪೆನ್ನು ತೆಗೆದರು.

ಗಂಡಿನವರಿಗೆ ಮನೆಯ ಅನುಕೂಲ ತೋರಿಸುವುದು ಕನ್ಯಾಪಿತೃವಿನ ಪರಮ ಕರ್ತವ್ಯ. ನಾನು ಎದ್ದೆ.

"ಈ ಟಿವಿ ನೋಡ್ರಿ, ಹೊಸಾದು, ನಲವತ್ತಮೂರು ಇಂಚು. ಫ್ರಿಜ್ ಎರಡು ಬಾಗಲದ್ದು. ಆ ಕಪಾಟು ಖರೆ ಸಾಗವಾನಿ, ಹೊರಾಕ ನಾಕು ಮಂದಿ ಬೇಕು!"

"ನಾಕು ಮಂದಿ" ಎನ್ನುತ್ತ ಸಣಕಲರು ಅದನ್ನೂ ಬರೆದುಕೊಂಡರು.

"ಎಲ್ಲಾ ನಿಮ್ಮ ಸ್ವಂತದ್ದ ಏನ್ರಿ?" ದಪ್ಪನವರು ಕೇಳಿದರು.

"ಸುಳ್ಳ ಹೇಳ್ತೇನೇನ್ರಿ? ಈ ಸೋಫಾ ಸೈತ ನಮ್ಮದ!"

ಸೋಫಾವೂ ಹಾಳೆಗೆ ಇಳಿಯಿತು. ನನಗೆ ಒಂದೇ ಒಂದು ಸಂಶಯ ಉಳಿದಿತ್ತು. "ಎಲ್ಲಾ ಆತು, ಹುಡುಗ ಬರ್ಲಿಲ್ಲಲ್ರಿ?"

"ಯಾವ ಹುಡುಗ?"

"ಮತ್ತ ನೀವು ಯಾರ ಕಡಿಯವರು?"

"ಕೋರ್ಟಿನ ಕಡಿಯವರ್ರಿ. ನಾವು ಬೇಲಿಫ್‌ರು. ದಂಡ ಕಟ್ಟಿಲ್ಲಂತ ನಿಮ್ಮ ಸಾಮಾನು ಜಪ್ತಿ ಮಾಡಾಕ ಬಂದೇವಿ."

ನನ್ನ ಮನೆಯ ಜಪ್ತಿ ಪಟ್ಟಿಯನ್ನು ನಾನೇ ನಿಂತು ಬರೆಸಿದ್ದೆ! ಇಂಚಿನ ಸಮೇತ! ಬಂದವರ ಹೊಟ್ಟೆಗೆ ಶಿರಾ ಬೇರೆ ಹಾಕಿದ್ದೆ!

ಮರುಕ್ಷಣ ಟ್ರಂಕಿನ ನೆನಪಾಗಿ ಜೀವ ಬಂತು. ಓಡಿಹೋಗಿ ಪಾವತಿ ತಂದು ದಪ್ಪನವರ ಮುಂದೆ ಹಿಡಿದೆ. ಅವರು ಚಾಳೀಸು ಏರಿಸಿ ಓದಿದರು.

"ದಂಡ ಕಟ್ಟಿದಾವ್ರು ಗುರುಸಿದ್ದಪ್ಪ ಅಂತ ಐತಲ್ರಿ. ಅವರು ಯಾರು?"

"ನಮ್ಮ ಅಪ್ಪಾರು."

"ಎಲ್ಲಿದ್ದಾರ?"

ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ತೋರಿಸಿದೆ. "ತೀರಿಕೊಂಡು ಹನ್ನೊಂದು ವರ್ಷ ಆತು."

ಬೇಲಿಫ್‌ರು ಫೋಟೋಕ್ಕೆ ಕೈಮುಗಿದು, ನನ್ನತ್ತ ತಿರುಗಿದರು. "ಹೆಲ್ಮೆಟ್ ಇಲ್ಲದ ಗಾಡಿ ಹೊಡದಾವ್ರು ಇವರ ಏನ್ರಿ?"

ಆಗ ನನಗೆ ಎಲ್ಲವೂ ನೆನಪಾಯಿತು. ನಮ್ಮ ಮನೆಯಲ್ಲಿ ಮೊದಲಿನಿಂದ ಒಂದು ರೂಢಿ. ಮಠದ ದಾಸೋಹಕ್ಕೆ ಏನು ಕೊಟ್ಟರೂ ಪಾವತಿಯನ್ನು ತೀರಿಹೋದ ಹಿರಿಯರ ಹೆಸರಿನಲ್ಲಿ ಹರಿಸುತ್ತೇವೆ. ಹನ್ನೊಂದು ವರ್ಷದಿಂದ ನಾನು ಎಲ್ಲಿಯೂ ನನ್ನ ಹೆಸರು ಹೇಳಿದವನೇ ಅಲ್ಲ. ಕೋರ್ಟಿನ ಕಿಟಕಿಯಲ್ಲಿ ಗುಮಾಸ್ತರು ತಲೆ ಎತ್ತದೆ "ಯಾರ ಹೆಸರಿಲೆ?" ಎಂದಿದ್ದರು. ನಾನು ಭಕ್ತಿಯಿಂದ ಕಣ್ಣುಮುಚ್ಚಿ "ನಮ್ಮ ಅಪ್ಪಾರ ಹೆಸರಿಲೆ ಹರೀರಿ" ಎಂದು ಅಪ್ಪನ ಹೆಸರು ಹೇಳಿದ್ದೆ. ಜೀವಮಾನವಿಡೀ ಸೈಕಲ್ಲನ್ನೂ ಹತ್ತದ ಪುಣ್ಯಾತ್ಮನನ್ನು ಮಗನಾದ ನಾನು ಅಪರಾಧಿ ಮಾಡಿಬಿಟ್ಟಿದ್ದೆ!

"ಜಪ್ತಿಗೆ ಇಬ್ಬರು ಪಂಚರು ಸಾಕ್ಷಿ ಬೇಕ್ರಿ" ಎಂದರು ಸಣಕಲರು. ಗದ್ದಲ ಕೇಳಿ ಬಸಣ್ಣ ತಾನಾಗಿಯೇ ಬಂದ. ಪಟ್ಟಿ ಓದಿದ. ಅವನ ಮುಖ ಕೆಂಪಾಯಿತು.

"ಲೇ ಶಿವಪುತ್ರ! ನನ್ನ ಸೋಫಾ ಯಾವಾಗ ನಿಂದಾತಲೇ?"

ಅದೇ ಹೊತ್ತಿಗೆ ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಬಿಟ್ಟ ಸದ್ದಾಯಿತು. ಲಕ್ಷ್ಮೇಶ್ವರದವರು! ದಪ್ಪನವರು ಹುಡುಗನ ತಂದೆಯನ್ನು ಕಂಡವರೇ, "ಬರ್ರಿ ಹಿರ್ಯಾರ, ಚಲೋ ವ್ಯಾಳ್ಯಾಕ್ಕ ಬಂದ್ರಿ. ಎರಡನೇ ಪಂಚರು ನೀವ ಆಗ್ರಿ" ಎಂದು ಹಾಳೆ ಕೈಗೆ ಕೊಟ್ಟರು.

ಅಡುಗೆಮನೆಯ ಪರದೆಯ ಹಿಂದೆ ಸುಧಾ ಬಿಕ್ಕಿದ್ದು ಕೇಳಿಸಿತು. ನಾನು ಇಡೀ ಜನ್ಮದಲ್ಲಿ ಅಷ್ಟು ನಾಚಿದ್ದಿಲ್ಲ. ಒಂದಕ್ಷರ ಬಿಡದೆ ನಡೆದದ್ದನ್ನೆಲ್ಲ ಹೇಳಿದೆ. ಸೋಫಾದ ಸುಳ್ಳನ್ನೂ ಒಪ್ಪಿಕೊಂಡೆ. ಹಿರಿಯರು ಪಾವತಿ ನೋಡಿದರು, ಫೋಟೋ ನೋಡಿದರು, ನನ್ನನ್ನು ನೋಡಿದರು. ಮೊದಲು ನಕ್ಕವನು ಹುಡುಗ, ಆಮೇಲೆ ಅವನ ತಂದೆ.

"ನಾನೂ ಮಠದಾಗ ನಮ್ಮ ಅಪ್ಪನ ಹೆಸರಿಲೇ ಹರಸ್ತೇನ್ರಿ. ಕೋರ್ಟಿನ್ಯಾಗ ಹರಸೂ ಪಾಳಿ ಇನ್ನೂ ಬಂದಿಲ್ಲ" ಎಂದರು ಹಿರಿಯರು, ಮೀಸೆಯಲ್ಲೇ ನಗುತ್ತ. "ಮೊದಲ ಇವರ ದಂಡ ಕಟ್ರಿ. ಆಮ್ಯಾಲೆ ಹುಡುಗಿನ ಕರೀರಿ."

ಬೇಲಿಫ್‌ರ ಮುಂದೆಯೇ ಮತ್ತೆ ಐನೂರು ಇಟ್ಟೆ. ಹೆಸರು ಹೇಳುವಾಗ ಶಾಂತಾ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.

"ಮೊದಲ ಕಟ್ಟಿದ್ದು ವಾಪಸ್ ಸಿಗ್ತೈತೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ಯಾಕ ಸಿಗೂದಿಲ್ಲ! ಕಟ್ಟಿದಾವ್ರು ಸ್ವತಃ ಬಂದು ಅರ್ಜಿ ಕೊಡಬೇಕು" ಎಂದು ದಪ್ಪನವರು ಫೋಟೋದತ್ತ ನೋಡಿದರು.

ಸಂಬಂಧ ಕೂಡಿತು. ಬಸಣ್ಣ ಸೋಫಾ ಹೊತ್ತುಕೊಂಡು ಹೋದ. ಮರುದಿನ ಆ ಸಂತೋಷಕ್ಕೆ ಮಠಕ್ಕೆ ಹೋಗಿ ದಾಸೋಹಕ್ಕೆ ಕಾಣಿಕೆ ಕೊಟ್ಟೆ.

"ಯಾರ ಹೆಸರಿಲೆ?" ಹೊಸದಾಗಿ ಬಂದಿದ್ದ ಗುಮಾಸ್ತರು ಕೇಳಿದರು.

ನಾನೀಗ ಪೆಟ್ಟು ತಿಂದ ಜಾಣ. ಎದೆ ಸೆಟೆಸಿ, "ಶಿವಪುತ್ರಪ್ಪ!" ಎಂದೆ. ಗುಮಾಸ್ತರು ತುಸು ಹೊತ್ತು ಕಣ್ಣುಮುಚ್ಚಿ, "ಭಾಳ ವಯಸ್ಸಾಗಿತ್ತೇನ್ರಿ?" ಎಂದರು. "ಏನ್ ಭಾಳ್ರಿ, ಐವತ್ತೆಂಟು" ಎಂದು ಪಾವತಿ ಇಸಿದುಕೊಂಡು ಬಂದೆ.

ಮನೆಯಲ್ಲಿ ಶಾಂತಾ ಅದನ್ನು ಬಿಡಿಸಿ ಓದಿದಳು. ನನ್ನ ಹೆಸರಿನ ಮೊದಲು ದುಂಡನೆಯ ಅಕ್ಷರದಲ್ಲಿ "ಲಿಂಗೈಕ್ಯ" ಎಂದು ಬರೆದಿತ್ತು. ನಾನು ಸತ್ತಿದ್ದೆ! ಪಾವತಿಯ ಸಮೇತ!

ಶಾಂತಾ ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟಳು.

"ಟ್ರಂಕಿನ್ಯಾಗ ಜ್ವಾಕಿ ಇಡ್ರಿ. ಇನ್ನೊಮ್ಮೆ ಕೋರ್ಟಿನವ್ರು ಬಂದ್ರ ಇದನ್ನ ತೋರಸ್ರಿ."